ಭೀಮಾತೀರದ ಸೂಲಗಿತ್ತಿಯರು

ಕಲಬುರಗಿಯ ಕೇಂದ್ರ ಬಸ್ ನಿಲ್ದಾಣದಲ್ಲಿ ಒಂದು ತಾಸು ನಿಂತರೆ ಸಾಕು, ಆಳಂದ, ಅಫಜಲಪುರ, ಜೇವರ್ಗಿ ಎಂಬ ಮೂರು ಹಲಗೆಗಳು ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತವೆ. ಆಳಂದದ ದಾರಿ ವಾಯವ್ಯಕ್ಕೆ, ಮಹಾರಾಷ್ಟ್ರದ ಗಡಿಯ ಕಡೆಗೆ ಮುಖ ಮಾಡಿದೆ. ಅಫಜಲಪುರದ ದಾರಿ ಪಶ್ಚಿಮಕ್ಕೆ ಭೀಮೆಯ ಬಗಲಿಗೆ ಸಾಗುತ್ತದೆ. ಜೇವರ್ಗಿಯದು ಕಟ್ಟಿಸಂಗಾವಿಯ ಸೇತುವೆಯ ಮೇಲೆ ಅದೇ ಭೀಮೆಯನ್ನು ದಾಟಿ ದಕ್ಷಿಣಕ್ಕೆ ಇಳಿಯುತ್ತದೆ. ಮೂರೂ ಕಡೆ ನೋಟ ಹೆಚ್ಚು ಕಡಿಮೆ ಒಂದೇ: ಕಣ್ಣು ಹಾಯುವವರೆಗೆ ಎರೆಭೂಮಿ, ತೊಗರಿ, ಬಿಳಿಜೋಳ, ನೀರು ಸಿಕ್ಕಲ್ಲಿ ಕಬ್ಬು, ನಡುನಡುವೆ ಹಾಸುಗಲ್ಲಿನ ಮನೆಗಳ ಊರು, ಊರಾಚೆಗೆ ಒಂದು ತಾಂಡಾ.

ಭೀಮಾತೀರ ಎಂದೊಡನೆ ಪತ್ರಿಕೆ ಓದುವವರಿಗೆ ನಾಡಪಿಸ್ತೂಲು ನೆನಪಾಗುವಂತಾಗಿದೆ. ಇಲ್ಲಿಯ ಸಾವುಗಳ ಬಗ್ಗೆ ಬರೆದಷ್ಟು ಇಲ್ಲಿಯ ಹುಟ್ಟಿನ ಬಗ್ಗೆ ಯಾರೂ ಬರೆದಿಲ್ಲ. ಈ ಮೂರು ತಾಲೂಕುಗಳಲ್ಲಿ ಒಂದು ತಲೆಮಾರಿನ ಅವಧಿಯೊಳಗೆ ಹೆರಿಗೆ ಎಂಬುದು ಮನೆಯ ಮೂಲೆಯಿಂದ ಆಸ್ಪತ್ರೆಯ ಮಂಚಕ್ಕೆ ಹೋಯಿತು. ಅದು ಸಣ್ಣ ಸಂಗತಿಯಲ್ಲ. ಆದರೆ ಕೂಸು ಕೈಕಾಲು ಸೊಟ್ಟಗಾಗಿ ಹುಟ್ಟಿದರೆ, ತುಟಿ ಸೀಳಿಕೊಂಡು ಬಂದರೆ, ಹುಟ್ಟಿದೊಡನೆ ಅಳದೆ ಮುಂದೆ ಕುತ್ತಿಗೆ ನಿಲ್ಲದೆ ಹೋದರೆ, ಆಗ ಮನೆಯವರು ಯಾವ ಬಸ್ಸು ಹತ್ತುತ್ತಾರೆ ಎಂಬುದು ಬೇರೆಯದೇ ಪ್ರಶ್ನೆ.

ಮೊದಲು ಸೂಲಗಿತ್ತಿಯ ಮಾತು. ಆಳಂದದ ಕಡೆಗೆ ಆಕೆಗೆ ಎರಡು ಹೆಸರು, ಕನ್ನಡದ ಮನೆಗಳಲ್ಲಿ ಸೂಲಗಿತ್ತಿ, ಉರ್ದು ಬೆರೆತ ಓಣಿಗಳಲ್ಲಿ ದಾಯಿ. 1948ರ ಸೆಪ್ಟೆಂಬರ್ 17ರವರೆಗೆ ನಿಜಾಮರ ಆಡಳಿತದಲ್ಲಿದ್ದ ನಾಡಿದು. ಮೈಸೂರು ಸೀಮೆಯಲ್ಲಿ ಹೆರಿಗೆ ಆಸ್ಪತ್ರೆಗಳು ಹೆಸರು ಮಾಡಿದ್ದ ಕಾಲದಲ್ಲಿ ಇಲ್ಲಿಯ ಹಳ್ಳಿಗಳಿಗೆ ಸೂಲಗಿತ್ತಿಯೇ ವೈದ್ಯೆ, ಆಕೆಯೇ ಆಸ್ಪತ್ರೆ. ಕಲಬುರಗಿಗೆ ಮಹಾದೇವಪ್ಪ ರಾಂಪುರೆ ವೈದ್ಯಕೀಯ ಕಾಲೇಜು ಬಂದದ್ದೇ 1963ರಲ್ಲಿ. ಅದು ಬಂದ ಮೇಲೂ ಆಳಂದದಿಂದ ನಲವತ್ತು ಚಿಲ್ಲರೆ, ಅಫಜಲಪುರದಿಂದ ಅರವತ್ತರ ಆಸುಪಾಸು ಕಿಲೋಮೀಟರು ದಾರಿಯನ್ನು ಬೇನೆ ತಿನ್ನುವ ಹೆಂಗಸು ಎತ್ತಿನ ಬಂಡಿಯಲ್ಲಿ ದಾಟುವಂತಿರಲಿಲ್ಲ.

ಸೂಲಗಿತ್ತಿಗೆ ಬೇಕಾದ ಸಾಮಾನು ಬಹಳವಿರಲಿಲ್ಲ. ಔಡಲೆಣ್ಣೆ, ಬಿಸಿನೀರು, ಹಳೆಯ ಸೀರೆಯ ತುಂಡು, ಹೊಕ್ಕುಳಬಳ್ಳಿ ಕಟ್ಟಲು ದಾರ, ಕೊಯ್ಯಲು ಕುಡುಗೋಲೋ ಬ್ಲೇಡೋ. ಉಳಿದದ್ದೆಲ್ಲ ಕೈಯ ಅನುಭವ. ಹೊಟ್ಟೆಯ ಮೇಲೆ ಅಂಗೈ ಇಟ್ಟು ಕೂಸಿನ ತಲೆ ಎಲ್ಲಿದೆ, ಬೆನ್ನು ಯಾವ ಕಡೆ ಎಂದು ಆಕೆ ಹೇಳುತ್ತಿದ್ದುದನ್ನು ಇಂದು ನರ್ಸಿಂಗ್ ಶಾಲೆಯಲ್ಲಿ ಚಿತ್ರ ಬರೆದು ಕಲಿಸುತ್ತಾರೆ. ಕೂಲಿಯಾಗಿ ಒಂದಿಷ್ಟು ಜೋಳ, ಒಂದು ಕುಪ್ಪಸದ ಖಣ, ಅನುಕೂಲಸ್ಥರ ಮನೆಯಾದರೆ ಒಂದು ಸೀರೆ. ಹೆಣ್ಣು ಕೂಸಾದರೆ ಅದೂ ಕಡಿಮೆಯಾಗುತ್ತಿತ್ತು. ಹೆರಿಗೆಯ ಹೊತ್ತಿನಲ್ಲಿ ‘ನೀನೇ ದೇವರು’ ಎಂದವರು ಮರುದಿನ ಅದೇ ಆಕೆಯನ್ನು ಹೊಸ್ತಿಲ ಹೊರಗೆ ಕೂಡಿಸಿದ್ದೂ ಉಂಟು. ಸೂಲಗಿತ್ತಿಯರಿಗೆ ನಾಡು ಗೌರವ ಕೊಟ್ಟದ್ದು ತಡವಾಗಿ. ಪಾವಗಡದ ಸೂಲಗಿತ್ತಿ ನರಸಮ್ಮನವರಿಗೆ ಪದ್ಮಶ್ರೀ ಬಂದದ್ದು 2018ರಲ್ಲಿ. ಹದಿನೈದು ಸಾವಿರಕ್ಕೂ ಹೆಚ್ಚು ಹೆರಿಗೆ ಮಾಡಿಸಿದ್ದ ಆಕೆ ಅದೇ ವರ್ಷ ಡಿಸೆಂಬರಿನಲ್ಲಿ ತೀರಿಕೊಂಡರು. ಭೀಮೆಯ ದಡದ ಸೂಲಗಿತ್ತಿಯರಿಗೆ ಆ ಪುಣ್ಯವೂ ಬರಲಿಲ್ಲ.

ಹಾಗೆಂದು ಹಳೆಯದೆಲ್ಲ ಬಂಗಾರವಾಗಿತ್ತೆಂದು ತಿಳಿಯಬಾರದು. ತೊಳೆಯದ ಕುಡುಗೋಲಿನಿಂದ ಧನುರ್ವಾಯು ಬಂದು ವಾರದೊಳಗೆ ಸೆಟೆದು ಸತ್ತ ಕೂಸುಗಳಿಗೆ ಲೆಕ್ಕವಿಟ್ಟವರಿಲ್ಲ. ಕೂಸು ಅಳದಿದ್ದರೆ ಬೆನ್ನು ತಟ್ಟುವುದು, ನೀರು ಚಿಮುಕಿಸುವುದು, ಬಳ್ಳಿ ಕೊಯ್ಯದೆ ಕಸವನ್ನು ಬೆಚ್ಚಗೆ ಮಾಡುವುದು ಇವಿಷ್ಟೇ ಉಪಾಯ. ಆ ಹೊತ್ತಿಗೆ ಎದೆಗೆ ಗಾಳಿ ಒತ್ತುವ ಒಂದು ರಬ್ಬರಿನ ಚೀಲವಿದ್ದರೆ ಬದುಕುತ್ತಿದ್ದ ಕೂಸು ಎಷ್ಟೋ ಸಲ ಹೋಗುತ್ತಿತ್ತು. ಅದಕ್ಕಿಂತ ಕಷ್ಟದ ಸಂಗತಿಯೆಂದರೆ, ಹೋಗದೆ ಉಳಿದರೂ ಮಿದುಳಿಗೆ ಪ್ರಾಣವಾಯು ಸಾಲದೆ ಜನ್ಮವಿಡೀ ಕೈಕಾಲು ಬಿಗಿದುಕೊಂಡೇ ಇರುತ್ತಿತ್ತು.

ಇಂತಹ ಕೂಸನ್ನು ಮೊದಲು ನೋಡುವವಳು ಸೂಲಗಿತ್ತಿ. ಹಡೆದವಳಿಗೆ ಆಕೆ ಹೇಳುವ ಮೊದಲ ಮಾತೇ ಆ ಕೂಸಿನ ಜಾತಕವಾಗುತ್ತಿತ್ತು. ‘ಗ್ರಾಣದಾಗ ಏನರೆ ಕೊಯ್ದಿದ್ದೇನವಾ?’ ಎಂದರೆ ಮುಗಿಯಿತು, ತಪ್ಪು ತಾಯಿಯದಾಯಿತು. ಐದನೆಯ ರಾತ್ರಿ ಸಟವಿ ತಾಯಿ ಬಂದು ಹಣೆಬರಹ ಬರೆಯುತ್ತಾಳೆಂಬ ನಂಬಿಕೆ ಗಡಿಯ ಎರಡೂ ಕಡೆ ಇದೆ. ಮರಾಠಿಯವರು ಸಟವಾಯಿ ಎನ್ನುತ್ತಾರೆ. ಆಕೆ ಬರೆದ ಮೇಲೆ ಅಳಿಸುವವರು ಯಾರು? ಈ ನಂಬಿಕೆಯಲ್ಲಿ ಒಂದು ಸಮಾಧಾನವಿತ್ತು, ತಾಯಿಯ ಮೇಲಿನ ದೂರು ದೇವತೆಯ ಮೇಲೆ ಹೋಗುತ್ತಿತ್ತು. ಆದರೆ ಚಿಕಿತ್ಸೆಯ ದಾರಿಯೂ ಅಲ್ಲಿಗೇ ಮುಚ್ಚುತ್ತಿತ್ತು.

ಗ್ರಹಣದ ಮಾತು ಬಂದದ್ದರಿಂದ ಒಂದು ಲೆಕ್ಕ ಹೇಳಿಬಿಡುವುದು ಒಳ್ಳೆಯದು. ಗರ್ಭದಲ್ಲಿ ಮೇಲ್ದುಟಿಯ ಎರಡು ಬದಿಗಳು ಬಂದು ಕೂಡಿಕೊಳ್ಳುವುದು ನಾಲ್ಕರಿಂದ ಏಳನೆಯ ವಾರದೊಳಗೆ. ಆ ಹೊತ್ತಿಗೆ ಎಷ್ಟೋ ಹೆಂಗಸರಿಗೆ ತಾವು ಬಸುರಿ ಎಂಬುದೇ ಖಚಿತವಾಗಿರುವುದಿಲ್ಲ. ಆರು ತಿಂಗಳ ಬಸುರಿ ಗ್ರಹಣದ ದಿನ ಬದನೆಕಾಯಿ ಕೊಯ್ದರೆ, ನಾಲ್ಕು ತಿಂಗಳ ಹಿಂದೆಯೇ ಕೂಡಿದ ತುಟಿ ಮತ್ತೆ ಸೀಳುವುದಿಲ್ಲ. ಇದನ್ನು ಹೇಳಿದರೆ ಕೇಳಿದವರು ತಲೆಯಾಡಿಸುತ್ತಾರೆ. ಮುಂದಿನ ಗ್ರಹಣಕ್ಕೆ ಸೊಸೆಯನ್ನು ಕತ್ತಲೆ ಕೋಣೆಯಲ್ಲೇ ಕೂಡಿಸುತ್ತಾರೆ. ಸೋದರಿಕೆಯ ಮದುವೆಯ ಸಂಗತಿಯೂ ಹೀಗೆಯೇ. ಕರ್ನಾಟಕದಲ್ಲಿ ಸುಮಾರು ನಾಲ್ಕು ಮದುವೆಗಳಲ್ಲಿ ಒಂದು ರಕ್ತಸಂಬಂಧದೊಳಗೇ ಆಗುತ್ತದೆ. ಸಾಮಾನ್ಯವಾಗಿ ನೂರರಲ್ಲಿ ಎರಡು ಮೂರು ಕೂಸುಗಳಿಗೆ ಹುಟ್ಟುದೋಷವಿದ್ದರೆ, ಅತ್ತೆ ಮಾವಂದಿರ ಮಕ್ಕಳ ನಡುವಿನ ಮದುವೆಯಲ್ಲಿ ಅದು ನಾಲ್ಕರಿಂದ ಆರರಷ್ಟಾಗುತ್ತದೆ. ಅಂದರೆ ತೊಂಬತ್ತಕ್ಕೂ ಮೇಲೆ ಕೂಸುಗಳು ಸುಖವಾಗಿಯೇ ಇರುತ್ತವೆ. ಜನ ನಂಬದಿರುವುದಕ್ಕೆ ಕಾರಣವೂ ಅದೇ. ಕಣ್ಣಮುಂದೆ ತೊಂಬತ್ತು ಚೆಂದದ ಕೂಸುಗಳು ಆಡುತ್ತಿರುವಾಗ ಅಂಕಿಯ ಮಾತು ಯಾರಿಗೆ ಬೇಕು?

ಈ ಮೊದಲ ಮಾತಿನ ತೂಕ ನಮ್ಮ ಹಳ್ಳಿಗಳಿಗಷ್ಟೇ ಸೇರಿದ್ದಲ್ಲ. ಬಿಬಿಸಿಯವರು 2012ರಿಂದ ತೋರಿಸುತ್ತಿರುವ ‘ಕಾಲ್ ದ ಮಿಡ್‌ವೈಫ್’ ಎಂಬ ಧಾರಾವಾಹಿಯಿದೆ. ಜೆನ್ನಿಫರ್ ವರ್ತ್ ಎಂಬ ಸೂಲಗಿತ್ತಿಯ ನೆನಪಿನ ಪುಸ್ತಕಗಳನ್ನು ಆಧರಿಸಿ ಶುರುವಾದ ಇದರ ಕತೆ 1957ರ ಲಂಡನ್ನಿನ ಪೂರ್ವಭಾಗದ ಪಾಪ್ಲರ್ ಎಂಬ ಬಡವರ ಕೇರಿಯಲ್ಲಿ ತೊಡಗುತ್ತದೆ. ಗುಲಬರ್ಗಾ ಮೈಸೂರು ರಾಜ್ಯಕ್ಕೆ ಸೇರಿ ಆಗಿನ್ನೂ ಒಂದು ವರ್ಷ. ಅಲ್ಲಿಯೂ ಸೈಕಲ್ ತುಳಿದು ಮನೆಮನೆಗೆ ಹೋಗುವ ಸೂಲಗಿತ್ತಿಯರು. ಅಲ್ಲಿಯೂ ಇಕ್ಕಟ್ಟಿನ ಕೋಣೆ, ಬಿಸಿನೀರು, ಹೊರಗೆ ಕಾದು ನಿಂತ ಗಂಡಸು. ಒಂದು ವ್ಯತ್ಯಾಸ ಮಾತ್ರ ದೊಡ್ಡದು. ನಿಜಾಮರ ಆಡಳಿತ ಇಲ್ಲಿ ಕೊನೆಗೊಂಡ 1948ರಲ್ಲಿಯೇ ಅಲ್ಲಿ ಸರಕಾರದ ಉಚಿತ ಆರೋಗ್ಯ ಸೇವೆ ಆರಂಭವಾಗಿತ್ತು. ಪಾಪ್ಲರಿನ ಸೂಲಗಿತ್ತಿಯ ಹಿಂದೆ ಒಂದು ಆಸ್ಪತ್ರೆ ನಿಂತಿತ್ತು. ಆಳಂದದ ಸೂಲಗಿತ್ತಿಯ ಹಿಂದೆ ಯಾರೂ ಇರಲಿಲ್ಲ.

ಆದರೂ ವಿಕಲ ಕೂಸಿನ ವಿಷಯದಲ್ಲಿ ಅವರೇನೂ ನಮಗಿಂತ ಮುಂದೆ ಇರಲಿಲ್ಲವೆಂಬುದನ್ನು ಆ ಧಾರಾವಾಹಿ ಮುಚ್ಚಿಡುವುದಿಲ್ಲ. 1957ರ ಅಕ್ಟೋಬರಿನಲ್ಲಿ ಜರ್ಮನಿಯಲ್ಲಿ ಮಾರಾಟಕ್ಕೆ ಬಂದ ಥಾಲಿಡೋಮೈಡ್ ಎಂಬ ಮಾತ್ರೆಯನ್ನು ಬಸುರಿಯರ ವಾಕರಿಕೆಗೂ ಕೊಟ್ಟರು. 1961ರ ನವೆಂಬರಿನಲ್ಲಿ ಅದನ್ನು ಹಿಂದಕ್ಕೆ ಪಡೆಯುವ ಹೊತ್ತಿಗೆ ಜಗತ್ತಿನಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಮಕ್ಕಳು ಮೊಂಡು ಕೈಕಾಲುಗಳೊಡನೆ ಹುಟ್ಟಿದ್ದರು. ಅಂತಹ ಒಂದು ಕೂಸನ್ನು ತೆರೆದ ಕಿಟಕಿಯ ಬಳಿ ತಣ್ಣಗಾಗಲು ಬಿಟ್ಟ ದೃಶ್ಯ ಧಾರಾವಾಹಿಯಲ್ಲಿ ಬರುತ್ತದೆ. ಬಿಟ್ಟವರು ಸೂಲಗಿತ್ತಿಯರಲ್ಲ, ಆಸ್ಪತ್ರೆಯವರು. ವಿದ್ಯೆ ಇದ್ದಲ್ಲಿ ಕರುಣೆ ತಾನಾಗಿ ಬರುತ್ತದೆಂಬುದು ನಮ್ಮ ಭ್ರಮೆ. ಡೌನ್ ಸಿಂಡ್ರೋಮ್ ಇರುವ ರೆಜಿ ಎಂಬ ಹುಡುಗನ ಪಾತ್ರವನ್ನು 2017ರಿಂದ ಅದೇ ಸ್ಥಿತಿಯ ಡೇನಿಯಲ್ ಲಾರಿ ಎಂಬ ನಟನೇ ಮಾಡುತ್ತ ಬಂದಿದ್ದಾನೆ. ಈ ಸ್ಥಿತಿಗೆ ಕಾರಣ ಜೀವಕೋಶದಲ್ಲಿ 46ರ ಬದಲು 47 ವರ್ಣತಂತುಗಳಿರುವುದು ಎಂದು ಫ್ರಾನ್ಸಿನ ಜೆರೋಮ್ ಲೆಜೂನ್ ಮತ್ತು ಸಂಗಡಿಗರು ತೋರಿಸಿದ್ದು 1959ರಲ್ಲಿ. ಅದಕ್ಕೆ ಮುಂಚೆ ಅಲ್ಲಿಯೂ ತಾಯಿಯನ್ನೇ ದೂರುತ್ತಿದ್ದರು.

ಮತ್ತೆ ನಮ್ಮ ದಾರಿಗೆ ಬರೋಣ. ಅಫಜಲಪುರದ ಬಸ್ಸಿನಲ್ಲಿ ಅರ್ಧಕ್ಕರ್ಧ ಜನ ಗಾಣಗಾಪುರಕ್ಕೆ ಇಳಿಯುವವರು. ಭೀಮಾ ಅಮರ್ಜಾ ನದಿಗಳು ಕೂಡುವ ಜಾಗ, ದತ್ತಾತ್ರೇಯನ ನಿರ್ಗುಣ ಪಾದುಕೆಯ ಮಠ. ನರಸಿಂಹ ಸರಸ್ವತಿಗಳ ಮಹಿಮೆ ಹೇಳುವ ‘ಗುರುಚರಿತ್ರೆ’ ಮರಾಠಿಯಲ್ಲಿದ್ದರೂ ಅದನ್ನು ಬರೆದ ಸರಸ್ವತಿ ಗಂಗಾಧರರ ಮನೆಮಾತು ಕನ್ನಡವೆಂದು ಹೇಳುತ್ತಾರೆ. ಅರವತ್ತರ ಬಂಜೆಗೆ ಮಕ್ಕಳಾದ ಕತೆ ಅದರಲ್ಲಿದೆ. ಹೀಗಾಗಿ ಮಕ್ಕಳಿಲ್ಲದವರು ಇಲ್ಲಿಗೆ ಬರುತ್ತಾರೆ. ಮಕ್ಕಳಿದ್ದೂ ಆ ಮಗು ಊರಿನ ಮಕ್ಕಳಂತಿಲ್ಲದವರೂ ಬರುತ್ತಾರೆ. ಮಂಗಳಾರತಿಯ ಹೊತ್ತಿಗೆ ಗಂಟೆ ನಗಾರಿ ಮೊಳಗಿದಾಗ ‘ಗಾಳಿ ಹಿಡಿದವರು’ ಕಂಬ, ಕಟಕಟೆ ಹತ್ತಿ ಚೀರುವುದನ್ನು ನೋಡಿದವರು ಮರೆಯಲಾರರು. ಅವರಲ್ಲಿ ಮೂರ್ಛೆರೋಗದವರೆಷ್ಟು, ಮನೋರೋಗದವರೆಷ್ಟು ಎಂದು ನೋಡಿ ಹೇಳುವ ವೈದ್ಯರು ಆ ಗದ್ದಲದಲ್ಲಿ ಇರುವುದಿಲ್ಲ. ಆಳಂದದಲ್ಲಿ ಲಾಡ್ಲೆ ಮಶಾಯಿಖರ ದರ್ಗಾ ಇದೆ. ಅಲ್ಲಿಯೂ ಹಿಂದೂ ಮುಸ್ಲಿಮರೆಂಬ ಭೇದವಿಲ್ಲದೆ ತಾಯಂದಿರು ಕೂಸನ್ನು ಹೊತ್ತು ಬರುತ್ತಾರೆ. ಇವರನ್ನು ನಕ್ಕು ತಳ್ಳಿಹಾಕುವುದು ಸುಲಭ. ಆದರೆ ಬೇರಾವ ಬಾಗಿಲೂ ತೆರೆಯದವರಿಗೆ ಈ ಎರಡು ಬಾಗಿಲುಗಳು ಹಗಲೂ ರಾತ್ರಿ ತೆರೆದಿದ್ದವು, ಚೀಟಿ ಕೇಳುತ್ತಿರಲಿಲ್ಲ.

ಈ ಸೀಮೆಯ ಒಂದು ದಿನವನ್ನು ದೇಶವೆಲ್ಲ ನೋಡಿತು. 2019ರ ಡಿಸೆಂಬರ್ 26, ಸೂರ್ಯಗ್ರಹಣ. ಮೂರೂ ದಾರಿಗಳು ಕೂಡುವ ಕಲಬುರಗಿ ನಗರದ ಮಗ್ಗುಲಲ್ಲೇ ಇರುವ ತಾಜಸುಲ್ತಾನಪುರದಲ್ಲಿ ಕೆಲವು ವಿಕಲ ಮಕ್ಕಳನ್ನು ಹೆತ್ತವರೇ ಕುತ್ತಿಗೆಯವರೆಗೆ ಮಣ್ಣಿನಲ್ಲಿ ಹೂತು ಗ್ರಹಣ ಬಿಡುವವರೆಗೆ ಕಾದರು. ಹಾಗೆ ಮಾಡಿದರೆ ಅಂಗ ಸರಿಹೋಗುತ್ತದೆಂಬ ನಂಬಿಕೆ. 2009ರ ಜುಲೈ 22ರ ಗ್ರಹಣದಲ್ಲೂ ಇದೇ ಜಿಲ್ಲೆಯಿಂದ ಇಂತಹದೇ ಸುದ್ದಿ ಬಂದಿತ್ತು.

ಆ ದಿನ ಎಂಥದೆಂಬುದನ್ನು ಹೊರಗಿನ ಪತ್ರಿಕೆಗಳು ಗಮನಿಸಲಿಲ್ಲ. ಸೂರ್ಯಗ್ರಹಣ ಅಮಾವಾಸ್ಯೆಗಲ್ಲದೆ ಆಗದು. ಆ ಅಮಾವಾಸ್ಯೆ ಎಳ್ಳ ಅಮಾವಾಸ್ಯೆಯಾಗಿತ್ತು. ಈ ಭಾಗದ ಒಕ್ಕಲು ಮನೆಗಳಿಗೆ ಅದಕ್ಕಿಂತ ದೊಡ್ಡ ಹಬ್ಬವಿಲ್ಲ. ಸಜ್ಜೆಯ ಕಡುಬು, ಭಜ್ಜಿ ಪಲ್ಯ, ಶೇಂಗಾ ಹೋಳಿಗೆ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ತೆನೆ ಹೊತ್ತು ನಿಂತ ಭೂತಾಯಿಗೆ ಬಸುರಿಯ ಬಯಕೆ ತೀರಿಸುವಂತೆ ಚರಗ ಚೆಲ್ಲುತ್ತಾರೆ. ಭೂಮಿಯನ್ನು ತಾಯಿಯೆಂದು ಉಣಿಸುವ ಜನ, ಅದೇ ತಾಯಿಯ ಮಡಿಲಿಗೆ ತಮ್ಮ ಕೂಸನ್ನು ಇಳಿಸಿ ಮತ್ತೊಮ್ಮೆ ಹೆತ್ತು ಕೊಡು ಎಂದು ಕೇಳಿದಂತಿತ್ತು ಅದು. ಕ್ರೂರವೆಂದು ಬರೆದವರೆಲ್ಲ ಸರಿಯಾಗಿಯೇ ಬರೆದರು. ಮಣ್ಣಿನ ಒತ್ತಡಕ್ಕೆ ಮಗುವಿನ ಎದೆ ಉಸಿರಿಗೆ ಹಿಗ್ಗುವುದೇ ಕಷ್ಟ, ಜೀವವೇ ಹೋಗಬಹುದು. ಆದರೆ ಹೆತ್ತವರು ಕಂಡದ್ದೇನು? ಎಂದೂ ನೆಟ್ಟಗೆ ಕೂಡದ ಮಗು ಆ ತಗ್ಗಿನಲ್ಲಿ ನೆಟ್ಟಗೆ ನಿಂತಿತ್ತು. ಸುತ್ತಲ ಮಣ್ಣು ಅದರ ಬೆನ್ನನ್ನು ಹಿಡಿದಿತ್ತು. ಇದೇ ಆಸರೆಯನ್ನು ಮಿದುಳಿನ ಪಾರ್ಶ್ವವಾಯು ಇರುವ ಮಕ್ಕಳಿಗಾಗಿಯೇ ಮಾಡಿದ, ಬೆನ್ನಿಗೂ ಬದಿಗೂ ಹಲಗೆಯಿರುವ ಒಂದು ಮರದ ಕುರ್ಚಿ ಕೊಡುತ್ತದೆ. ಊರಿನ ಬಡಿಗೇರ ಒಂದು ದಿನದಲ್ಲಿ ಮಾಡಬಲ್ಲ ಸಾಮಾನದು. ಅಂತಹ ಕುರ್ಚಿಯಲ್ಲಿ ಕೂತ ಮಗು ಎದುರಿನವರ ಮುಖ ನೋಡುತ್ತದೆ, ತಾನೇ ಉಣ್ಣಲು ಕಲಿಯುತ್ತದೆ. ಆ ಕುರ್ಚಿಯ ಸುದ್ದಿ ಆ ಮನೆಗಳಿಗೆ ಯಾರೂ ತಲುಪಿಸಿರಲಿಲ್ಲ. ತಗ್ಗಿನ ಸುದ್ದಿ ತಲುಪಿತ್ತು. ಮೌಢ್ಯಾಚರಣೆ ತಡೆಯುವ 2017ರ ರಾಜ್ಯದ ಕಾಯಿದೆ ಜಾರಿಗೆ ಬಂದದ್ದು ಆ ಗ್ರಹಣದ ಮರುತಿಂಗಳು, 2020ರ ಜನವರಿಯಲ್ಲಿ. ಕಾಯಿದೆ ತಗ್ಗು ತೋಡುವುದನ್ನು ತಡೆದೀತು, ಕುರ್ಚಿ ಮಾಡಿಕೊಡಲಾರದು.

ಹಾಗಾದರೆ ಈ ನಾಡಿನ ಜನ ವಿಕಲರನ್ನು ಎಂದೂ ಗೌರವಿಸಲಿಲ್ಲವೇ? ಹಾಗೆಂದರೆ ಸುಳ್ಳಾಗುತ್ತದೆ. ಸುಗ್ಗಿಯ ಮುಂದೆ ಎತ್ತಿನ ಮೇಲೆ ಕೂತು ಬರುವ ಹೆಳವರನ್ನು ಉತ್ತರ ಕರ್ನಾಟಕದವರೆಲ್ಲ ಬಲ್ಲರು. ಹೆಳವ ಎಂದರೆ ಕಾಲಿಲ್ಲದವನು. ಮೂಲಪುರುಷ ಕುಂಟನಾಗಿದ್ದರಿಂದ ಎತ್ತು ಏರಿದನೆಂದು ಅವರ ಐತಿಹ್ಯ. ಮನೆತನಗಳ ಹತ್ತಾರು ತಲೆಮಾರಿನ ಹುಟ್ಟುಗಳನ್ನು ಬಾಯಲ್ಲಿ, ಪುಸ್ತಕದಲ್ಲಿ ಕಾಪಾಡುವುದು ಅವರ ಕಾಯಕ. ಯಾರ ಮನೆಯಲ್ಲಿ ಯಾರು ಹುಟ್ಟಿದರೆಂಬ ದಾಖಲೆಯನ್ನು ಈ ಜನ ಒಬ್ಬ ಕುಂಟನ ವಂಶದ ಕೈಗೆ ಒಪ್ಪಿಸಿದ್ದರು ಎಂಬುದು ಯೋಚಿಸಬೇಕಾದ ಮಾತು. ಕಣ್ಣಿಲ್ಲದ ಹುಡುಗನಿದ್ದರೆ ‘ಗದಗಕ್ಕ ಕಳಸ್ರಿ’ ಎನ್ನುವುದು ಇಲ್ಲಿಯೂ ರೂಢಿಯ ಮಾತು. ಸ್ವತಃ ಅಂಧರಾಗಿದ್ದ ಪಂಚಾಕ್ಷರಿ ಗವಾಯಿಗಳು (1892–1944), ಅವರ ಶಿಷ್ಯ ಪುಟ್ಟರಾಜ ಗವಾಯಿಗಳು (1914–2010) ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಸಾಕಿ ಕಲಿಸಿದ ಹುಡುಗರು ಶ್ರಾವಣದ ಪುರಾಣಗಳಲ್ಲಿ ಹಾರ್ಮೋನಿಯಂ ಹಿಡಿದು ಕೂತಾಗ ಅವರ ಕಾಲಿಗೆ ಬಿದ್ದವರು ಇದೇ ಹಳ್ಳಿಯವರು. ಹಿಂದಿನ ಜೇವರ್ಗಿ ತಾಲೂಕಿನ ಅರಳಗುಂಡಗಿಯಲ್ಲಿ ಹುಟ್ಟಿದ ಶರಣಬಸವೇಶ್ವರರ ದಾಸೋಹದ ಪಂಕ್ತಿಯಲ್ಲಿ ಕುಂಟ ಕುರುಡರೆಂದು ಯಾರನ್ನೂ ಎಬ್ಬಿಸಿದ ಕತೆಯಿಲ್ಲ.

ಎಂದರೆ, ಯಾವ ಊನಕ್ಕೆ ಒಂದು ಕೆಲಸ, ಒಂದು ಜಾಗ ಗೊತ್ತಿತ್ತೋ ಅದನ್ನು ಊರು ಒಪ್ಪಿಕೊಂಡಿತು. ಬುದ್ಧಿ ನಿಧಾನವಿರುವ, ಕೈಕಾಲು ಬಿಗಿದ ಮಗುವಿಗೆ ಏನು ಮಾಡಬೇಕೆಂಬುದು ಊರಿಗೆ ತಿಳಿದಿರಲಿಲ್ಲ. ತಿಳಿಯದ್ದನ್ನು ಒಂದೋ ಒಳಕೋಣೆಯಲ್ಲಿ ಮುಚ್ಚಿಟ್ಟಿತು, ಇಲ್ಲವೇ ದೇವರ ಮುಂದೆ ಒಯ್ದಿತು.

ಜೇವರ್ಗಿಯ ದಾರಿಯಲ್ಲಿ ಈಗ ಬೇರೆ ಮಾತು ಕೇಳಿಬರುತ್ತದೆ. ಭೀಮೆಯ ಸೇತುವೆಯ ಮೇಲೆ ಸದ್ದು ಮಾಡುತ್ತ ಕಲಬುರಗಿಯ ಕಡೆ ಓಡುವ 108ರ ಗಾಡಿಯನ್ನು ಕಂಡರೆ, ಯಾರೋ ಹಡೆಯಲಿಕ್ಕೆ ಹೊರಟಿದ್ದಾರೆಂದೇ ಬಸ್ಸಿನಲ್ಲಿದ್ದವರ ಊಹೆ. ಗಾಡಿ 2008ರ ನವೆಂಬರಿನಲ್ಲಿ ಬಂತು. ಅದಕ್ಕೆ ಮೂರು ವರ್ಷ ಮೊದಲು ಗ್ರಾಮೀಣ ಆರೋಗ್ಯ ಅಭಿಯಾನ ಬಂದಿತ್ತು. ಆಶಾ ಕಾರ್ಯಕರ್ತೆ ಬಸುರಿಯ ಮನೆ ಬಾಗಿಲಿಗೆ ಬರತೊಡಗಿದಳು. ದಾಯಿಯರಿಗೆ ಬ್ಲೇಡು, ದಾರ, ಸಾಬೂನಿನ ಪೊಟ್ಟಣ ಕೊಟ್ಟು ತರಬೇತಿ ಮಾಡುವ ಹಳೆಯ ಯೋಜನೆ ಹಿಂದೆ ಸರಿಯಿತು. 2019–21ರ ಸಮೀಕ್ಷೆಯಲ್ಲಿ ಕರ್ನಾಟಕದ ನೂರು ಹೆರಿಗೆಗಳಲ್ಲಿ 97 ಆಸ್ಪತ್ರೆಯಲ್ಲಾದವು. 2001–03ರಲ್ಲಿ ಒಂದು ಲಕ್ಷ ಜೀವಂತ ಜನನಕ್ಕೆ 228 ತಾಯಂದಿರು ಸಾಯುತ್ತಿದ್ದುದು 2018–20ಕ್ಕೆ 69ಕ್ಕೆ ಇಳಿಯಿತು. ಕೂಸುಗಳ ಧನುರ್ವಾಯು ದೇಶದಿಂದ ಹೆಚ್ಚು ಕಡಿಮೆ ತೊಲಗಿತೆಂದು 2015ರಲ್ಲಿ ಖಚಿತವಾಯಿತು. ಈ ಅಂಕಿಗಳನ್ನು ಓದಿಯೂ ಹಳೆಯ ಕಾಲವೇ ಚೆನ್ನಾಗಿತ್ತು ಎನ್ನುವವರಿದ್ದರೆ ಅವರು ಹಡೆದವರಲ್ಲ.

ಸೂಲಗಿತ್ತಿ ಹೋದಳು, ಮೊದಲ ಮಾತು ಹೇಳುವ ಹೊಣೆ ಎಲ್ಲಿಗೂ ಹೋಗಲಿಲ್ಲ. ಅದೀಗ ಹೆರಿಗೆ ಕೋಣೆಯ ನರ್ಸಮ್ಮನದು. ರಾತ್ರಿಪಾಳಿಯಲ್ಲಿ ಮೂರು ಮಂಚಗಳ ನಡುವೆ ಓಡಾಡುವ ಆಕೆಗೆ ಮೆತ್ತಗೆ ಮಾತಾಡಲು ಬಿಡುವು ಕಡಿಮೆ. ಹಳ್ಳಿಯ ಹೆಂಗಸರು ಆಸ್ಪತ್ರೆಯ ಬಗ್ಗೆ ದೂರುವುದೂ ಇದನ್ನೇ: ಸೂಲಗಿತ್ತಿ ಬೆನ್ನು ತಿಕ್ಕುತ್ತಿದ್ದಳು, ಇಲ್ಲಿ ಬೈಯುತ್ತಾರೆ. ಈ ದೂರು ದೆಹಲಿಗೂ ಮುಟ್ಟಿತೋ ಏನೋ, ಗೌರವದಿಂದ ಹೆರಿಗೆ ಮಾಡಿಸುವ ತರಬೇತಾದ ಸೂಲಗಿತ್ತಿ-ನರ್ಸುಗಳನ್ನು ತಯಾರಿಸುವ ಮಾರ್ಗಸೂಚಿಯನ್ನು ಕೇಂದ್ರ ಸರಕಾರ 2018ರಲ್ಲಿ ಹೊರಡಿಸಿತು. ಬೇರೆ ಮಾತಿನಲ್ಲಿ, ಕಳಿಸಿಬಿಟ್ಟವಳನ್ನು ಸಮವಸ್ತ್ರ ತೊಡಿಸಿ ಮತ್ತೆ ಕರೆಯುತ್ತಿದ್ದೇವೆ.

ಹೇಳಬೇಕಾದ ಮಾತುಗಳೇನೋ ಈಗ ಇವೆ. ಸೊಟ್ಟ ಪಾದವಿದ್ದರೆ ಮೊದಲ ವಾರಗಳಲ್ಲೇ ಪ್ಲಾಸ್ಟರ್ ಶುರುಮಾಡಬೇಕು, ವಾರಕ್ಕೊಂದರಂತೆ ಐದಾರು ಹಾಕಿದರೆ ಪಾದ ತಿರುಗುತ್ತದೆ, ಆಮೇಲೆ ನಾಲ್ಕು ವರ್ಷದವರೆಗೆ ರಾತ್ರಿ ಬೂಟು ಕಟ್ಟಬೇಕು. ಸೀಳುತುಟಿಗೆ ಮೂರರಿಂದ ಆರು ತಿಂಗಳೊಳಗೆ ಶಸ್ತ್ರಚಿಕಿತ್ಸೆಯಿದೆ, ಅಲ್ಲಿಯವರೆಗೆ ಹಾಲು ಹಿಂಡಿ ಚಮಚದಿಂದ ಕುಡಿಸಬೇಕು. ಹುಟ್ಟಿದ ಕೂಡಲೆ ಇಂತಹ ದೋಷಗಳನ್ನು ಗುರುತಿಸಿ ಜಿಲ್ಲಾ ಕೇಂದ್ರಕ್ಕೆ ಕಳಿಸುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ 2013ರಿಂದ ಇದೆ. ಪ್ಲಾಸ್ಟರಿಗೆ ದುಡ್ಡು ಬೇಕಿಲ್ಲ. ವಾರವಾರ ಕೂಲಿ ಬಿಟ್ಟು ಕಲಬುರಗಿಗೆ ಬರುವುದು ಮಾತ್ರ ಬೇಕು. ಸುಗ್ಗಿಗೆ ಕಬ್ಬು ಕಡಿಯಲು, ಕಟ್ಟಡದ ಕೆಲಸಕ್ಕೆ ಸೊಲ್ಲಾಪುರ, ಪುಣೆ, ಮುಂಬಯಿಗೆ ಗುಳೆ ಹೋಗುವ ತಾಂಡಾದವರಿಗೆ ಮೂರನೆಯ ಪ್ಲಾಸ್ಟರ್ ಕಲಬುರಗಿಯಲ್ಲಿ, ನಾಲ್ಕನೆಯದು ಎಲ್ಲಿ? 2020ರ ಅಕ್ಟೋಬರಿನಲ್ಲಿ ಭೀಮೆ ಉಕ್ಕಿ ಅಫಜಲಪುರ, ಜೇವರ್ಗಿಯ ದಂಡೆಯ ಊರುಗಳು ನೀರಿನಲ್ಲಿ ನಿಂತಾಗ ದಾರಿಗಳೇ ಇರಲಿಲ್ಲ.

ಬದಲಾವಣೆ ಕಾಣುವುದು ಬೇರೊಂದು ಕಡೆ. ಗ್ರಾಮ ಪಂಚಾಯತಿಯ ಕಟ್ಟೆಯ ಮುಂದೆ ನಿಂತ ಮೂರು ಗಾಲಿಯ ಗಾಡಿ ಹಲವು ಊರುಗಳಲ್ಲಿ ಪಂಚಾಯತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತನದು. ಸ್ವತಃ ಅಂಗವಿಕಲನಾದ ಆತ ಊರಿನ ಇತರರ ಮಾಸಾಶನ, ಗುರುತಿನ ಚೀಟಿಗಳ ಅರ್ಜಿ ತುಂಬುತ್ತಾನೆ; ಗೌರವಧನ ಹೊತ್ತಿಗೆ ಬರುವುದಿಲ್ಲವೆಂದು ಗೊಣಗುತ್ತಾನೆ, ಎಲ್ಲ ನೌಕರರಂತೆ. ‘ಕುಂಟ’ ಎಂದು ಹೆಸರಿನ ಮುಂದೆ ಸೇರಿಸಿ ಕರೆಯುತ್ತಿದ್ದವರು ಅರ್ಜಿ ಹಿಡಿದು ಬಂದಾಗ ‘ಸರ್’ ಎನ್ನುತ್ತಾರೆ. ಅಂಗವಿಕಲ, ವಿಕಲಚೇತನ, ದಿವ್ಯಾಂಗ ಎಂದು ಸರಕಾರ ಕಾಗದದ ಮೇಲೆ ಹೆಸರು ಬದಲಿಸುತ್ತ ಹೋದದ್ದಕ್ಕಿಂತ ಈ ‘ಸರ್’ ಹೆಚ್ಚು ದೂರ ಬಂದಿದೆ. ಅಂಗವೈಕಲ್ಯದ ಪಟ್ಟಿಯನ್ನು 2016ರ ಕಾಯಿದೆ ಏಳರಿಂದ ಇಪ್ಪತ್ತೊಂದಕ್ಕೆ ಏರಿಸಿದೆ. ಶಾಲೆಗಳಿಗೆ ಇಳಿಜಾರು ಕಟ್ಟಿದ್ದಾರೆ. ಕೆಲವು ಎಷ್ಟು ಕಡಿದಾಗಿವೆಯೆಂದರೆ ಗಟ್ಟಿಮುಟ್ಟಾದ ಹುಡುಗರು ಜಾರುಬಂಡೆ ಆಡುತ್ತಾರೆ. ಎದ್ದು ಬರಲಾಗದ ಮಕ್ಕಳ ಮನೆಗೇ ಹೋಗಿ ಕಲಿಸುವ ಸಂಪನ್ಮೂಲ ಶಿಕ್ಷಕರಿದ್ದಾರೆ. ಒಬ್ಬರಿಗೆ ಎಷ್ಟು ಹಳ್ಳಿ ಎಂದು ಕೇಳಬಾರದು. ಆದರೂ ಚೀಲದಲ್ಲಿ ಬಣ್ಣದ ಮಣಿ, ಚೆಂಡು ಹಿಡಿದು ಒಬ್ಬರು ಮೇಷ್ಟ್ರು ‘ಆ ಮಗುವನ್ನು’ ಹುಡುಕಿಕೊಂಡು ಓಣಿಗೆ ಬಂದರೆಂದರೆ, ಓಣಿಯ ಹತ್ತು ಜನ ಬಾಗಿಲಿಗೆ ಬಂದು ನೋಡುತ್ತಾರೆ. ಅಂದಿನಿಂದ ಆ ಮಗು ಒಳಕೋಣೆಯದಲ್ಲ, ಓಣಿಯದಾಗುತ್ತದೆ.

ಗುರುವಾರ ದತ್ತನ ವಾರ. ಹಳ್ಳಿಗಳಲ್ಲಿ ಲಸಿಕೆ ಹಾಕುವ ವಾರವೂ ಸಾಮಾನ್ಯವಾಗಿ ಅದೇ. ಆ ದಿನ ಬೆಳಗಿನ ಅಫಜಲಪುರದ ಬಸ್ಸಿನಲ್ಲಿ ಗಾಣಗಾಪುರಕ್ಕೆ ಹೊರಟ ತೆಂಗಿನಕಾಯಿಯ ಚೀಲಗಳ ನಡುವೆ ಕೂಸನ್ನು ಎದೆಗವಚಿ, ತಾಯಿ ಕಾರ್ಡನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಸೆರಗಿಗೆ ಸಿಕ್ಕಿಸಿಕೊಂಡ ಹೆಂಗಸರು ಕೂತಿರುತ್ತಾರೆ. ಕೆಲವರು ಎರಡೂ ಕಡೆ ಹೋಗುತ್ತಾರೆ. ಮೊದಲು ಯಾವುದು ಎಂದು ಕಂಡಕ್ಟರು ಕೇಳಿದರೆ, ‘ಸೂಜಿ ಹನ್ನೊಂದಕ್ಕ ಮುಗೀತದರೀ ಯಣ್ಣಾ, ದೇವ್ರು ಸಂಜೀತನಕ ಇರ್ತಾನ’ ಎನ್ನುತ್ತಾರೆ.